ಇನ್ನೂ ಕಟ್ಟಿಲ್ಲದ ಮನೆಯ ‘ಫೋಟೋ’ ಅಷ್ಟು ನಿಜವೆನಿಸುವುದು ಹೇಗೆ?

ಕೆಲವು ತಿಂಗಳ ಹಿಂದೆ ನಮ್ಮ ತಂಡದ ಗೆಳತಿಯೊಬ್ಬಳ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಬಂತು. ಹತ್ತು ಅಂತಸ್ತಿನ ಅಪಾರ್ಟ್‌ಮೆಂಟ್, ಸಂಜೆಯ ಹೊಂಬಿಸಿಲು, ಬಾಲ್ಕನಿಯಲ್ಲಿ ತುಳಸಿ ಕುಂಡ, ಮಳೆ ನಿಂತ ಮೇಲಿನ ಒದ್ದೆ ರಸ್ತೆ, ಆ ನೀರಿನಲ್ಲಿ ಕಟ್ಟಡದ ಪ್ರತಿಬಿಂಬ. ಜೊತೆಗೆ ‘ಕೆಲವೇ ಮನೆಗಳು ಬಾಕಿ’ ಎಂಬ ಸಾಲು. ಅವಳ ಸೋದರಮಾವ ಆಗಷ್ಟೇ ನಿವೃತ್ತರಾದ ಮೇಷ್ಟ್ರು. ಎರಡೇ ದಿನದಲ್ಲಿ ಮುಂಗಡ ಕೊಟ್ಟುಬಿಟ್ಟರು. “ಒಂದ್ಸಲ ಹೋಗಿ ನೋಡ್ಬೇಕಿತ್ತಲ್ವಾ ಮಾವ?” ಎಂದು ಕೇಳಿದರೆ, “ಫೋಟೋನೇ ಇದೆಯಲ್ಲಮ್ಮ, ಕಟ್ಟಿ ಮುಗಿಸಿದ್ದಾರೆ. ಬೀಗದಕೈ ಇಸ್ಕೊಳ್ಳೋದೊಂದೇ ಬಾಕಿ” ಎಂದರು. ಭಾನುವಾರ ಎಲ್ಲರೂ ಹೋಗಿ ನೋಡಿದಾಗ ಅಲ್ಲಿದ್ದದ್ದು ತಗಡಿನ ಬೇಲಿ ಮತ್ತು ಅದರ ಹಿಂದೆ ನೀರು ನಿಂತ ಪಾಯದ ಗುಂಡಿ.

ಬ್ರೋಶರ್‌ನಲ್ಲಿ ಅದೇ ಚಿತ್ರದ ಕೆಳತುದಿಗೆ ‘ಕಲಾವಿದರ ಕಲ್ಪನೆ’ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಗುಂಪಿನಿಂದ ಗುಂಪಿಗೆ ದಾಟುವ ದಾರಿಯಲ್ಲಿ ಯಾರೋ ಆ ಪಟ್ಟಿಯನ್ನು ಕತ್ತರಿಸಿದ್ದರು. ಉಳಿದದ್ದು ಬರೀ ‘ಫೋಟೋ’.

ಮೇಷ್ಟ್ರು ದಡ್ಡರೇನಲ್ಲ. ಫಾರ್ವರ್ಡ್ ಬಂದರೆ ಜೂಮ್ ಮಾಡಿ ನೋಡುವ ಅಭ್ಯಾಸ ಅವರಿಗಿದೆ. ಈ ಚಿತ್ರವನ್ನೂ ಜೂಮ್ ಮಾಡಿದ್ದರು. ನೆರಳು ಸರಿಯಾಗಿತ್ತು, ಪ್ರತಿಬಿಂಬ ಸರಿಯಾಗಿತ್ತು, ದೀಪದ ಸುತ್ತ ಸಣ್ಣ ಪ್ರಭೆ ಇತ್ತು, ಮೂಲೆಗಳು ತುಸು ಮಬ್ಬಾಗಿದ್ದವು. ಎಲ್ಲವೂ ಕ್ಯಾಮೆರಾದ ಗುರುತುಗಳೇ. ಹಾಗಾದರೆ ಕ್ಯಾಮೆರಾ ಇಲ್ಲದೆ ಅವು ಬಂದದ್ದು ಎಲ್ಲಿಂದ? ಬನ್ನಿ, ನೋಡೋಣ.

ರೆಂಡರ್ ಎಂದರೇನು?

ಕಟ್ಟಡದ ವಿನ್ಯಾಸಕಾರರು ಮೊದಲು ಕಂಪ್ಯೂಟರ್‌ನಲ್ಲಿ ಕಟ್ಟಡದ ಮೂರು ಆಯಾಮದ ಮಾದರಿ ಮಾಡುತ್ತಾರೆ. ಸ್ಕೆಚ್‌ಅಪ್, ರೆವಿಟ್, ಬ್ಲೆಂಡರ್‌ನಂಥ ತಂತ್ರಾಂಶಗಳು ಇದಕ್ಕೆ ಬಳಕೆಯಲ್ಲಿವೆ. ಗೋಡೆ ಎಷ್ಟು ದಪ್ಪ, ಕಿಟಕಿ ಎಲ್ಲಿ, ನೆಲ ಗ್ರಾನೈಟೋ ಟೈಲ್ಸೋ, ಸೂರ್ಯ ಯಾವ ದಿಕ್ಕಿನಲ್ಲಿ, ನೋಡುವವನು ಎಲ್ಲಿ ನಿಂತಿದ್ದಾನೆ, ಇವೆಲ್ಲವನ್ನೂ ಅದಕ್ಕೆ ತಿಳಿಸುತ್ತಾರೆ. ಆಮೇಲೆ ತಂತ್ರಾಂಶ ಲೆಕ್ಕಕ್ಕೆ ಕೂರುತ್ತದೆ: ಈ ಬೆಳಕು ಈ ಗೋಡೆಗೆ ಬಡಿದು, ಅಲ್ಲಿಂದ ನೆಲಕ್ಕೆ ಚಿಮ್ಮಿ, ಗಾಜಿನೊಳಗೆ ಹಾಯ್ದು, ನೋಡುವವನ ಕಣ್ಣಿಗೆ ಎಷ್ಟು ತಲುಪುತ್ತದೆ? ಚಿತ್ರದ ಒಂದೊಂದು ಚುಕ್ಕಿಗೂ ಈ ಲೆಕ್ಕ ಮಾಡಿ ತೆಗೆದ ಚಿತ್ರವೇ ರೆಂಡರ್.

ಈ ವಿದ್ಯೆ ಹೊಸದಲ್ಲ. ಬೆಳಕಿನ ಕಿರಣಗಳನ್ನು ಹಿಂಬಾಲಿಸಿ ಪ್ರತಿಬಿಂಬ, ನೆರಳುಗಳನ್ನು ಲೆಕ್ಕ ಹಾಕುವ ವಿಧಾನವನ್ನು ಟರ್ನರ್ ವಿಟ್ಟೆಡ್ 1980ರಲ್ಲಿ ಪ್ರಕಟಿಸಿದರು. ಬೆಳಕು ಹೀಗೆ ಮೇಲ್ಮೈಯಿಂದ ಮೇಲ್ಮೈಗೆ ಚಿಮ್ಮುವುದನ್ನೆಲ್ಲ ಒಂದೇ ಸಮೀಕರಣದಲ್ಲಿ ಹಿಡಿದಿಟ್ಟವರು ಜೇಮ್ಸ್ ಕಜಿಯಾ, 1986ರಲ್ಲಿ. ಇಂದಿನ ತಂತ್ರಾಂಶಗಳು ನಿಂತಿರುವುದು ಈ ಅಡಿಪಾಯದ ಮೇಲೆಯೇ. ಆಗ ಒಂದು ಸರಳ ಚಿತ್ರಕ್ಕೂ ಗಂಟೆಗಟ್ಟಲೆ ಬೇಕಿತ್ತು. ಈಗ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್ ಸಾಕು. ಬ್ಲೆಂಡರ್ ಅಂತೂ ಉಚಿತವಾಗಿಯೇ ಸಿಗುತ್ತದೆ.

ನಾವು ದಿನವೂ ಇಂಥ ಚಿತ್ರಗಳನ್ನು ನೋಡುತ್ತಿದ್ದೇವೆ, ಗೊತ್ತಾಗುವುದಿಲ್ಲ ಅಷ್ಟೆ. ಪೀಠೋಪಕರಣ ಮಾರುವ ಐಕಿಯಾ ಕಂಪನಿ 2006ರಲ್ಲಿ ತನ್ನ ಕ್ಯಾಟಲಾಗ್‌ಗೆ ಒಂದು ಕುರ್ಚಿಯ ರೆಂಡರ್ ಸೇರಿಸಿತು. 2014ರ ಹೊತ್ತಿಗೆ ತಮ್ಮ ಉತ್ಪನ್ನಗಳ ಚಿತ್ರಗಳಲ್ಲಿ ಸುಮಾರು ಮುಕ್ಕಾಲು ಪಾಲು ಕಂಪ್ಯೂಟರ್‌ನಲ್ಲೇ ತಯಾರಾದವು ಎಂದು ಕಂಪನಿಯ ಚಿತ್ರ ವಿಭಾಗದವರೇ ಹೇಳಿದ್ದರು.

ಲೆಕ್ಕ ಮುಗಿದ ಮೇಲೆ ಶುರುವಾಗುವ ಕೆಲಸ

ಈಗ ಬರುವುದೇ ಮುಖ್ಯ ಸಂಗತಿ. ಲೆಕ್ಕ ಮುಗಿಸಿ ಹೊರಬಂದ ಹಸಿ ರೆಂಡರ್ ನೋಡಿದರೆ ಅದು ಫೋಟೋದಂತೆ ಕಾಣುವುದಿಲ್ಲ. ಅಂಚುಗಳು ತೀರಾ ಚೂಪು, ಎಲ್ಲವೂ ತೀರಾ ಸ್ವಚ್ಛ. ನೋಡಿದ ತಕ್ಷಣ ‘ಇದು ಕಂಪ್ಯೂಟರ್ ಚಿತ್ರ’ ಅನ್ನಿಸುತ್ತದೆ. ಅದನ್ನು ಫೋಟೋ ಆಗಿಸುವುದು ಆಮೇಲಿನ ಕೆಲಸ. ಎನ್‌ಸ್ಕೇಪ್, ವಿ-ರೇ, ಲುಮಿಯನ್, ಬ್ಲೆಂಡರ್ ಹೀಗೆ ಯಾವುದನ್ನೇ ತೆರೆದರೂ ಇದಕ್ಕಾಗಿ ಸಾಲು ಸಾಲು ಸ್ಲೈಡರ್‌ಗಳಿವೆ. ಎಡಕ್ಕೆ ಎಳೆದರೆ ಕಡಿಮೆ, ಬಲಕ್ಕೆ ಎಳೆದರೆ ಹೆಚ್ಚು. ಅವುಗಳ ಹೆಸರು ಮತ್ತು ಕೆಲಸ ಇಲ್ಲಿದೆ.

ಬ್ಲೂಮ್: ರಾತ್ರಿ ಬೀದಿದೀಪದ ಫೋಟೋ ತೆಗೆದರೆ ದೀಪದ ಸುತ್ತ ಮಂಜಿನಂಥ ಪ್ರಭೆ ಕಾಣುತ್ತದಲ್ಲ, ಅದು ಲೆನ್ಸ್ ಒಳಗೆ ಬೆಳಕು ಚದುರುವುದರಿಂದ ಆಗುವುದು. ರೆಂಡರ್‌ನಲ್ಲಿ ಲೆನ್ಸೇ ಇಲ್ಲ. ಆ ಪ್ರಭೆಯನ್ನು ಸ್ಲೈಡರ್ ಎಳೆದು ಸೇರಿಸುತ್ತಾರೆ.

ವಿನ್ಯೆಟ್: ಫೋಟೋದ ನಾಲ್ಕು ಮೂಲೆಗಳು ನಡುವಿಗಿಂತ ಸ್ವಲ್ಪ ಕಪ್ಪಾಗುವುದು. ಲೆನ್ಸ್‌ನ ಅಂಚಿನಿಂದ ಬೆಳಕು ಕಡಿಮೆ ಬರುವುದೇ ಇದಕ್ಕೆ ಕಾರಣ. ಇದೂ ಒಂದು ಸ್ಲೈಡರ್.

ಕ್ರೊಮ್ಯಾಟಿಕ್ ಅಬೆರೇಶನ್: ಅಗ್ಗದ ಲೆನ್ಸ್‌ನಲ್ಲಿ ತೆಗೆದ ಫೋಟೋದಲ್ಲಿ, ಬಿಳಿ ಆಕಾಶಕ್ಕೆ ಎದುರಾಗಿರುವ ಕಂಬದ ಅಂಚಿನಲ್ಲಿ ನೇರಳೆ ಗೆರೆ ಕಾಣಬಹುದು. ಒಂದೊಂದು ಬಣ್ಣ ಒಂದೊಂದಷ್ಟು ಬಾಗುವುದರಿಂದ ಆಗುವ ದೋಷ ಅದು. ಅದಕ್ಕೂ ಸ್ಲೈಡರ್ ಇದೆ.

ಡೆಪ್ತ್ ಆಫ್ ಫೀಲ್ಡ್: ಹತ್ತಿರದ ಹೂಕುಂಡ ಸ್ಪಷ್ಟ, ಹಿಂದಿನ ಕಟ್ಟಡ ಮಸುಕು. ನಿಮ್ಮ ಫೋನಿನ ಪೋರ್ಟ್ರೇಟ್ ಮೋಡ್ ಲೆಕ್ಕ ಹಾಕಿ ಹಿನ್ನೆಲೆ ಮಸುಕು ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ.

ಗ್ರೇನ್: ಇದರ ಕತೆ ತಮಾಷೆಯದು. ಬೆಳಕಿನ ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸಿದರೆ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಚುಕ್ಕಿಗಳು ಉಳಿಯುತ್ತವೆ. ಡಿನಾಯ್ಸರ್ ಎಂಬ ಸಾಧನದಿಂದ ಅದನ್ನೆಲ್ಲ ಒರೆಸುತ್ತಾರೆ. ಒರೆಸಿದ ಮೇಲೆ ಚಿತ್ರ ತೀರಾ ನುಣುಪಾಗಿ ಕಂಡಿತೆಂದು ಹಳೆಯ ಫಿಲ್ಮ್ ರೀಲಿನಂಥ ಚುಕ್ಕಿಗಳನ್ನು ಮತ್ತೆ ಉದುರಿಸುತ್ತಾರೆ.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಐದೂ ಕ್ಯಾಮೆರಾದ ಇತಿಮಿತಿಗಳೇ. ಕ್ಯಾಮೆರಾ ತಯಾರಿಸುವವರು ಇವುಗಳಲ್ಲಿ ಹೆಚ್ಚಿನದನ್ನು ಹೋಗಲಾಡಿಸಲು ದಶಕಗಳಿಂದ ಹೆಣಗುತ್ತಿದ್ದಾರೆ. ರೆಂಡರ್ ಮಾಡುವವರು ಅವನ್ನೇ ಎಣಿಸಿ ಎಣಿಸಿ ಒಳಗೆ ತರುತ್ತಾರೆ. ಏಕೆಂದರೆ ನಮ್ಮ ಕಣ್ಣು ನೂರಾರು ಫೋಟೋ ನೋಡಿ ‘ಈ ದೋಷಗಳಿದ್ದರೆ ಅದು ಫೋಟೋ’ ಎಂದು ಕಲಿತುಬಿಟ್ಟಿದೆ. ಮೇಷ್ಟ್ರು ಜೂಮ್ ಮಾಡಿ ಹುಡುಕಿದ್ದು ಆ ಗುರುತುಗಳನ್ನೇ. ಅವು ಸಿಗಲೆಂದೇ ಅಲ್ಲಿಟ್ಟಿದ್ದರು.

ಹಗಲನ್ನು ಸಂಜೆ ಮಾಡುವುದು

ಇನ್ನೂ ಒಂದು ಸೌಲಭ್ಯವಿದೆ. ರೆಂಡರ್‌ನ ಹಸಿ ಕಡತದಲ್ಲಿ ಪ್ರತಿ ಚುಕ್ಕಿಯ ಬೆಳಕೂ ದೊಡ್ಡ ಅಂಕಿಯಾಗಿ ಉಳಿದಿರುತ್ತದೆ. ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಒಂದು ಬಣ್ಣಕ್ಕೆ 0ರಿಂದ 255ರವರೆಗಿನ ಮೆಟ್ಟಿಲುಗಳು ಮಾತ್ರ. ನಡುಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್, ಮನೆಯೊಳಗಿನ ಬೆಳಕು ಕೆಲವು ನೂರು ಲಕ್ಸ್. ಹಳೆಯ ಕ್ಯಾಮೆರಾದಲ್ಲಿ ಕೋಣೆ ಸರಿಯಾಗಿ ಕಂಡರೆ ಕಿಟಕಿ ಬೆಳ್ಳಗೆ ಸುಟ್ಟುಹೋಗುತ್ತಿತ್ತು. ಕಿಟಕಿ ಸರಿಯಾದರೆ ಕೋಣೆ ಕತ್ತಲು. ರೆಂಡರ್‌ನಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಹದಗೊಳಿಸಬಹುದು. ಹಾಗೆಂದು ಕಿಟಕಿ, ಕೋಣೆ ಎರಡೂ ಚೆನ್ನಾಗಿ ಕಂಡ ಮಾತ್ರಕ್ಕೆ ಅದು ರೆಂಡರ್ ಎನ್ನಲೂ ಆಗದು. ಈಗಿನ ಫೋನುಗಳೂ ಹಲವು ಚಿತ್ರಗಳನ್ನು ಬೆಸೆದು ಅದನ್ನೇ ಮಾಡುತ್ತವೆ.

ದೀಪಗಳದ್ದೂ ಹಾಗೆಯೇ. ಕೋಣೆಯಲ್ಲಿ ಎರಡು ದೀಪ ಉರಿಯುತ್ತಿದ್ದರೆ ಗೋಡೆಯ ಮೇಲಿನ ಬೆಳಕು ಎಂದರೆ ಎರಡರ ಬೆಳಕಿನ ಮೊತ್ತ, ಬೇರೇನಿಲ್ಲ. ಹಾಗಾಗಿ ಒಂದೊಂದು ದೀಪದ ಬೆಳಕನ್ನೂ ತಂತ್ರಾಂಶ ಪ್ರತ್ಯೇಕ ಪದರವಾಗಿ ಕೂಡಿಡಬಲ್ಲದು. ವಿ-ರೇ ಮತ್ತು ಕರೋನಾದಲ್ಲಿ ಇದಕ್ಕೆ ಲೈಟ್‌ಮಿಕ್ಸ್ ಎನ್ನುತ್ತಾರೆ. ಚಿತ್ರ ಮುಗಿದ ಮೇಲೂ ಟ್ಯೂಬ್‌ಲೈಟ್ ಆರಿಸಿ, ಹಳದಿ ಬಲ್ಬ್ ಹೊತ್ತಿಸಿ, ಬಿಸಿಲನ್ನು ತಗ್ಗಿಸಿ ನಡುಮಧ್ಯಾಹ್ನವನ್ನು ಮುಸ್ಸಂಜೆ ಮಾಡಬಹುದು. ಮತ್ತೊಮ್ಮೆ ಲೆಕ್ಕ ಮಾಡಬೇಕಾಗಿಯೇ ಇಲ್ಲ.

ಇದು ಮೋಸವೇ?

ಅಲ್ಲ. ಇನ್ನೂ ಇಲ್ಲದ ವಸ್ತುವನ್ನು ತೋರಿಸಬೇಕಾದರೆ ಚಿತ್ರ ಬಿಡಿಸಲೇಬೇಕು. ಹಿಂದೆ ಜಲವರ್ಣದಲ್ಲಿ ಬಿಡಿಸುತ್ತಿದ್ದರು, ಈಗ ಕಂಪ್ಯೂಟರ್‌ನಲ್ಲಿ. ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಅದರ ಬಿದಿರಿನ ಛಾವಣಿ, ತೂಗುವ ಗಿಡಗಳ ರೆಂಡರ್‌ಗಳನ್ನು ನಾವು ಅದಕ್ಕೂ ವರ್ಷಗಳ ಮೊದಲೇ ನೋಡಿದ್ದೆವು. ಕಟ್ಟಡ ಮುಗಿದಾಗ ಬಿದಿರೂ ಇತ್ತು, ಗಿಡಗಳೂ ಇದ್ದವು. ಬ್ಲೂಮ್, ವಿನ್ಯೆಟ್, ಗ್ರೇನ್‌ಗಳಿಂದ ಮನೆಯ ಅಳತೆ ಒಂದಿಂಚೂ ಬದಲಾಗುವುದಿಲ್ಲ. ಅವು ಚಿತ್ರಕ್ಕೆ ಮಾಡುವ ಸಿಂಗಾರ.

ಆದರೆ ಅದೇ ತಂತ್ರಾಂಶದಲ್ಲಿ ಇನ್ನು ಕೆಲವು ಹೊಂದಾಣಿಕೆಗಳಿವೆ. ಅವು ನಿಮ್ಮ ಹಣದ ತೀರ್ಮಾನವನ್ನೇ ಬದಲಿಸಬಲ್ಲವು. ಕಣ್ಣಿಡಬೇಕಾದದ್ದು ಇವುಗಳ ಮೇಲೆ.

ಒಂದು, ನೋಟದ ಅಗಲ. ಪೂರ್ಣ ಗಾತ್ರದ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸ್ ಅಡ್ಡಡ್ಡಲಾಗಿ ಸುಮಾರು 40 ಡಿಗ್ರಿಯಷ್ಟು ನೋಡುತ್ತದೆ. 24 ಮಿ.ಮೀ. ಆದರೆ ಸುಮಾರು 74 ಡಿಗ್ರಿ, 18 ಮಿ.ಮೀ. ಆದರೆ 90 ಡಿಗ್ರಿ. ಅಗಲ ಹೆಚ್ಚಿದಷ್ಟೂ ಎದುರಿನ ಗೋಡೆ ದೂರ ಸರಿದಂತೆ, ಕೋಣೆ ಹಿಗ್ಗಿದಂತೆ ಕಾಣುತ್ತದೆ. ಅನುಮಾನವಿದ್ದರೆ ನಿಮ್ಮ ಫೋನಿನಲ್ಲಿ 0.5 ಲೆನ್ಸ್ ಇದ್ದರೆ ಅದರಲ್ಲಿ ನಿಮ್ಮದೇ ಅಡುಗೆಮನೆಯ ಫೋಟೋ ತೆಗೆದು ನೋಡಿ. ಕಲ್ಯಾಣಮಂಟಪದ ಅಡುಗೆಮನೆಯಂತೆ ಕಾಣುತ್ತದೆ.

ಎರಡು, ಗೋಡೆಯಾಚೆಯ ಕ್ಯಾಮೆರಾ. ನಿಜವಾದ ಫೋಟೋಗ್ರಾಫರ್ ಕೋಣೆಯ ಮೂಲೆಗೆ ಬೆನ್ನು ತಾಗಿಸಿದ ಮೇಲೆ ಇನ್ನೂ ಹಿಂದೆ ಹೋಗಲಾರ. ರೆಂಡರ್‌ನಲ್ಲಿ ಅಡ್ಡ ಬರುವ ಗೋಡೆಯನ್ನು ಮರೆಮಾಡಿ, ಕ್ಯಾಮೆರಾವನ್ನು ಪಕ್ಕದ ಮನೆಯೊಳಗೇ ನಿಲ್ಲಿಸಬಹುದು. ಮನೆ ಕಟ್ಟಿದ ಮೇಲೆ ಆ ನೋಟ ನಿಮಗೆ ಯಾವತ್ತೂ ಸಿಗದು.

ಮೂರು, ಸೂರ್ಯ. ತಂತ್ರಾಂಶಕ್ಕೆ ಊರು, ತಿಂಗಳು, ಗಂಟೆ ಕೊಟ್ಟರೆ ಅದು ಸೂರ್ಯನನ್ನು ಸರಿಯಾದ ಜಾಗದಲ್ಲೇ ಇಡುತ್ತದೆ. ಆದರೆ ಚೆಂದಕ್ಕಾಗಿ ಸೂರ್ಯನನ್ನು ಎಲ್ಲಿಗೆ ಬೇಕಾದರೂ ಎಳೆಯಬಹುದು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮೂರನೇ ವಾರದವರೆಗೆ ಇಲ್ಲಿ ಸೂರ್ಯ ದಿನವಿಡೀ ದಕ್ಷಿಣದ ಕಡೆಗೇ ಇರುತ್ತಾನೆ. ಆ ಆರು ತಿಂಗಳು ಬರೀ ಉತ್ತರಕ್ಕೆ ತೆರೆದ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲ. ಬ್ರೋಶರ್‌ನಲ್ಲಿ ಉತ್ತರದ ಹಾಲ್ ತುಂಬ ಹೊಂಬಿಸಿಲು ಹರಡಿದ್ದರೆ, ‘ಇದು ಯಾವ ತಿಂಗಳ ಬಿಸಿಲು?’ ಎಂದು ಕೇಳಿ.

ನಾಲ್ಕು, ಸುತ್ತಲಿನ ಜಾಗ. ಪಕ್ಕದ ಕಟ್ಟಡ, ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್, ರಾಜಕಾಲುವೆ ಇವನ್ನು ಮಾದರಿಗೆ ಸೇರಿಸದಿದ್ದರೆ ಚಿತ್ರಕ್ಕೂ ಬರುವುದಿಲ್ಲ. ಅಳಿಸುವ ಕೆಲಸವೇ ಇಲ್ಲ, ಸೇರಿಸದೆ ಬಿಟ್ಟರೆ ಸಾಕು.

ಐದು, ಪೀಠೋಪಕರಣದ ಅಳತೆ. ಮಾದರಿಯಲ್ಲಿ ಮಂಚವನ್ನು ತುಸು ಕುಗ್ಗಿಸಿದರೆ ಕೋಣೆ ತಾನಾಗಿಯೇ ದೊಡ್ಡದಾಗುತ್ತದೆ.

ಕಣ್ಣಿನಿಂದ ಕಂಡುಹಿಡಿಯಬಹುದೇ?

ಎಐ ಚಿತ್ರಗಳನ್ನು ಪತ್ತೆಮಾಡುವ ಉಪಾಯಗಳು ಈಗ ಎಲ್ಲ ಗುಂಪುಗಳಲ್ಲೂ ಓಡಾಡುತ್ತಿವೆ. ಬೆರಳು ಎಣಿಸಿ, ನೆರಳು ನೋಡಿ, ಕನ್ನಡಿಯ ಪ್ರತಿಬಿಂಬ ನೋಡಿ ಎನ್ನುತ್ತವೆ. ರೆಂಡರ್ ವಿಷಯದಲ್ಲಿ ಇವು ಕೈಕೊಡುತ್ತವೆ. ಎಐ ಚಿತ್ರದ ಹಿಂದೆ ಸಾಮಾನ್ಯವಾಗಿ ಅಳತೆಯಿರುವ ಮಾದರಿ ಇರುವುದಿಲ್ಲ, ಅದಕ್ಕೇ ನೆರಳು ತಪ್ಪುವುದುಂಟು. ರೆಂಡರ್‌ನ ಹಿಂದೆ ಪೂರ್ತಿ ಮಾದರಿಯೇ ಇದೆ. ನೆರಳು, ಪ್ರತಿಬಿಂಬ ಲೆಕ್ಕದಂತೆಯೇ ಬಂದಿರುತ್ತವೆ. ಅವು ಸರಿಯಾಗಿವೆ ಎಂಬುದರಿಂದ ಕಟ್ಟಡ ಎದ್ದು ನಿಂತಿದೆ ಎಂದಾಗುವುದಿಲ್ಲ.

ಫೋಟೋದೊಳಗೆ ಅಡಗಿರುವ ಕ್ಯಾಮೆರಾ ಮಾಹಿತಿ ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದಾಗ ಆ ಮಾಹಿತಿ ಕಳಚಿಹೋಗುತ್ತದೆ. ನಿಜವಾದ ಫೋಟೋಗೂ ಅದೇ ಗತಿ. ಚಿತ್ರವನ್ನು ಒತ್ತಿ ಚಿಕ್ಕದು ಮಾಡುವುದರಿಂದ, ಒಂದೇ ಥರದ ಎಲೆಗಳ ಮರಗಳು, ನೆಲಕ್ಕೆ ಕಾಲು ತಾಗದ ಜನರು ಮುಂತಾದ ಸಣ್ಣ ಸುಳಿವುಗಳೂ ಮಸುಕಾಗುತ್ತವೆ. ಫಾರ್ವರ್ಡ್ ಆಗುತ್ತ ಆಗುತ್ತ ರೆಂಡರ್ ಇನ್ನಷ್ಟು ಫೋಟೋದಂತಾಗುತ್ತದೆ.

ಹಾಗಾಗಿ ‘ನೋಡಲು ನಿಜದಂತಿದೆಯೇ?’ ಎಂಬ ಪ್ರಶ್ನೆಯನ್ನು ಬಿಟ್ಟುಬಿಡಿ. ‘ಇದನ್ನು ಯಾರು ಹೇಳಿದ್ದಾರೆ, ಯಾವ ಕಾಗದದಲ್ಲಿ ಹೇಳಿದ್ದಾರೆ?’ ಎಂದು ಕೇಳಿ.

ಹಾಗಾದರೆ ಏನು ಮಾಡಬೇಕು?

ಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಕತ್ತರಿಸದ ಮೂಲ ಚಿತ್ರ, ಅದರ ಕೆಳಗಿನ ಸಣ್ಣ ಅಕ್ಷರದ ಸಾಲು ಎಷ್ಟೋ ಸಲ ಅಲ್ಲೇ ಸಿಗುತ್ತವೆ. ‘ನಮ್ಮೂರಿನ ಹೊಸ ಬಸ್ ನಿಲ್ದಾಣ ನೋಡಿ’ ಎಂಬಂಥ ಫಾರ್ವರ್ಡ್ ಬಂದರೆ ಆ ಊರಿನಲ್ಲಿರುವ ಒಬ್ಬರಿಗೆ ಫೋನ್ ಮಾಡಿ, ಇವತ್ತು ಅಲ್ಲಿ ನಿಂತು ಒಂದು ಫೋಟೋ ಕಳಿಸಿ ಎಂದು ಕೇಳಿ. ಯೋಜನೆಯ ಚಿತ್ರವನ್ನು ಮುಗಿದ ಕೆಲಸವೆಂದು ಹಂಚಿದರೆ, ಕೆಲಸ ನಿಂತುಹೋದರೂ ಕೇಳುವವರು ಇರುವುದಿಲ್ಲ.

ಮನೆ ಕೊಳ್ಳುವುದಾದರೆ ಕಾನೂನು ನಿಮ್ಮ ಕೈಗೆ ಒಳ್ಳೆಯ ಹತಾರವನ್ನೇ ಕೊಟ್ಟಿದೆ. ರೇರಾ ಎಂದು ಕರೆಯುವ 2016ರ ರಿಯಲ್ ಎಸ್ಟೇಟ್ ಕಾಯ್ದೆಯಲ್ಲಿ ‘ಜಾಹೀರಾತು’ ಎಂದರೆ ಯಾವುದೇ ಮಾಧ್ಯಮದಲ್ಲಿ, ಯಾವುದೇ ರೂಪದಲ್ಲಿ ಮಾಡುವ ಪ್ರಚಾರ. ನೋಂದಣಿ ಬೇಕಾದ ಯೋಜನೆಯನ್ನು ನೋಂದಾಯಿಸದೆ ಜಾಹೀರಾತು ಕೊಡುವಂತೆಯೇ ಇಲ್ಲ. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಮತ್ತು ಪ್ರಾಧಿಕಾರದ ಜಾಲತಾಣದ ವಿಳಾಸ ಇರಲೇಬೇಕು. 12ನೇ ಸೆಕ್ಷನ್ ಪ್ರಕಾರ, ಜಾಹೀರಾತು, ಬ್ರೋಶರ್ ಅಥವಾ ಮಾದರಿ ಮನೆಯಲ್ಲಿನ ತಪ್ಪು ಇಲ್ಲವೇ ಸುಳ್ಳು ಮಾಹಿತಿಯನ್ನು ನಂಬಿ ಮುಂಗಡ ಕೊಟ್ಟವರಿಗೆ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು. ಕೊಂಡವರು ಹಿಂದೆ ಸರಿಯಲು ಬಯಸಿದರೆ ಹಣವನ್ನು ಬಡ್ಡಿ ಸಮೇತ ಹಿಂತಿರುಗಿಸಬೇಕು. 13ನೇ ಸೆಕ್ಷನ್ ಪ್ರಕಾರ, ಮಾರಾಟದ ಕರಾರುಪತ್ರ ಮಾಡಿಕೊಂಡು ನೋಂದಾಯಿಸುವ ಮುಂಚೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ.

ಆದ್ದರಿಂದ ಬಿಲ್ಡರ್ ಕಡೆಯವರು ಕಳಿಸಿದ ಚಿತ್ರವನ್ನು ಡಿಲೀಟ್ ಮಾಡಬೇಡಿ. ಯಾರು ಕಳಿಸಿದರು, ಯಾವ ದಿನ ಕಳಿಸಿದರು ಎಂಬುದು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಅಚ್ಚಾದ ಬ್ರೋಶರ್ ಕೇಳಿ ಪಡೆಯಿರಿ. ಚಿತ್ರದಲ್ಲಿರುವ ಈಜುಕೊಳ, ಉದ್ಯಾನ, ಅಗಲ ರಸ್ತೆಗಳಲ್ಲಿ ಯಾವುದು ಮಂಜೂರಾದ ನಕ್ಷೆಯಲ್ಲಿದೆ ಎಂದು ಒಂದೊಂದಾಗಿ ಕೇಳಿ. ನೋಂದಣಿ ಸಂಖ್ಯೆಯನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಹಾಕಿ, ನಕ್ಷೆ ಮತ್ತು ಕೆಲಸ ಮುಗಿಸುವುದಾಗಿ ಬಿಲ್ಡರ್ ಒಪ್ಪಿಕೊಂಡ ದಿನಾಂಕ ನೋಡಿ. ಅಳತೆ ಕೇಳುವಾಗ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನೀವು ನಿಜಕ್ಕೂ ಬಳಸುವ ಜಾಗ ಎಷ್ಟು ಎಂದೇ ಕೇಳಿ.

ಕೊನೆಗೆ, ಮೇಷ್ಟ್ರ ವಿಷಯ. ಪಾಯದ ಗುಂಡಿ ನೋಡಿ ಬಂದ ಮೇಲೂ ಅವರಿಗೆ ಆ ಚಿತ್ರದ ಮೋಹ ಬಿಟ್ಟಿರಲಿಲ್ಲ. “ಕಟ್ಟೋವರೆಗೂ ಕಾಯೋಣ ಬಿಡು” ಎನ್ನುತ್ತಿದ್ದರು. ನಮ್ಮ ಗೆಳತಿ ನಕ್ಷೆ ತಂದು, ತಾರಸಿಯ ಮೇಲೆ ರಂಗೋಲಿ ಪುಡಿಯಲ್ಲಿ ಮಲಗುವ ಕೋಣೆಯ ಗೆರೆ ಎಳೆದಳು. 10 ಅಡಿ ಅಗಲ, 12 ಅಡಿ ಉದ್ದ. ಅದರೊಳಗೆ 5 ಅಡಿ ಅಗಲ, ಆರೂವರೆ ಅಡಿ ಉದ್ದದ ಮಂಚದ ಗೆರೆ. ಕೋಣೆಯ ಕಾಲು ಭಾಗಕ್ಕಿಂತ ಹೆಚ್ಚು ಅಲ್ಲಿಗೇ ಮುಗಿಯಿತು. ಬೀರು, ಮೇಜು, ಬಾಗಿಲು ತೆರೆಯುವ ಜಾಗ ಗುರುತಿಸಿದ ಮೇಲೆ ಅತ್ತೆ ಬಂದು ನಡುವೆ ನಿಂತು ನೋಡಿದರು. “ಇಷ್ಟರಲ್ಲಿ ನನ್ನ ಹೊಲಿಗೆ ಮಿಷನ್ ಎಲ್ಲಿಡ್ಲಿ?” ಎಂದರು. ಚಿತ್ರದಲ್ಲಿ ಅದೇ ಕೋಣೆಯೊಳಗೆ ಮಂಚ, ಸೋಫಾ, ಓದುವ ಮೇಜು ಎಲ್ಲವೂ ಹಿಡಿಸಿದ್ದವು.

ಮಾವ ಆ ವಾರವೇ ಹಣ ವಾಪಸ್ ಕೇಳಿ ಪತ್ರ ಬರೆದರು. ಅದಕ್ಕೆ ಬ್ರೋಶರ್‌ನ ಪುಟ, ವಾಟ್ಸಾಪ್ ಚಿತ್ರದ ಸ್ಕ್ರೀನ್‌ಶಾಟ್, ರಶೀದಿ ಮೂರನ್ನೂ ಲಗತ್ತಿಸಿದ್ದರು. ಮೂರು ತಿಂಗಳು ಓಡಾಡಿದ ಮೇಲೆ ಹಣ ಕೈಸೇರಿತು. ಈಗ ಗುಂಪಿಗೆ ಯಾವುದೇ ಕಟ್ಟಡದ ಚಿತ್ರ ಬಂದರೂ ಅವರದು ಒಂದೇ ಉತ್ತರ: “ಚೆನ್ನಾಗಿದೆ. ನಕ್ಷೆ ಕಳಿಸಿ.”